ಜೂನ್ ಒಂದಕ್ಕೆ ಹುಟ್ಟಿದವರು

“ಈ ಕಾರ್ಡ್ ನಿನ್ನ ಮಗಳದಲ್ಲ ಬಿಡವಾ,” ಎಂದು ಆಫೀಸ್ ಮ್ಯಾನೇಜರ್ ಶಂಭುಲಿಂಗಪ್ಪನವರು ಆ ಹಳದಿ ರಟ್ಟನ್ನು ಮೇಜಿನ ಮೇಲೆ ಎಸೆದರು. ಎಸೆದರು ಅಂದರೆ ಎಸೆದರೇ. ಅದು ಗಾಜಿನ ಮೇಲೆ ಜಾರಿ, ಅಂಚು ದಾಟಿ, ಮಾನಮ್ಮನ ಕಾಲ ಬಳಿ ಬಿತ್ತು. ಇಪ್ಪತ್ತೆರಡು ವರ್ಷ ಬುದ್ಧನ ಪಟದ ಹಿಂದೆ ಪ್ಲಾಸ್ಟಿಕ್ ಚೀಲದಲ್ಲಿ ಬೆಚ್ಚಗೆ ಕೂತಿದ್ದ ಲಸಿಕೆ ಕಾರ್ಡು ರಾಯಚೂರಿನ ಆಸ್ಪತ್ರೆಯೊಂದರ ಆಫೀಸಿನ ಧೂಳಿಗೆ ಬಿತ್ತು. ಬಗ್ಗಿ ಎತ್ತಿಕೊಡುವಷ್ಟು ಮರ್ಯಾದೆಯೂ ಆ ಪುಣ್ಯಾತ್ಮನಿಗಿರಲಿಲ್ಲ. ಮಾನಮ್ಮನೇ ಎತ್ತಿಕೊಂಡು ಸೆರಗಿನಿಂದ ಒರೆಸಿದಳು.

“ಯಾಕ್ರಿ ಸಾಹೇಬ್ರ? ನಾನಽ ಹಡದೀನಿ, ನಾನಽ ಎತ್ಕೊಂಡು ಹೋಗಿ ಸೂಜಿ ಹಾಕಿಸೀನಿ. ನನ್ನ ಮಗಳದಲ್ಲಂದ್ರ ಮತ್ಯಾರದ್ರಿ?”

“ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಾಗ ಹುಟ್ಟಿದ್ದು ಜೂನ್ ಒಂದು ಅಂತ ಅದ. ಇದರಾಗ ನವೆಂಬರ್ ಇಪ್ಪತ್ತೆರಡು. ಒಂದು ಕೂಸು ಎರಡು ಸಲ ಹುಟ್ತದೇನು? ಯಾರದೋ ಕಾರ್ಡ್ ಹಿಡ್ಕೊಂಡು ಬರ್ತೀರಿ. ನಿಮ್ಮಂಥವರನ್ನ ಭಾಳ ನೋಡೀನಿ. ಶುಕ್ರವಾರ ಸಂಜಿ ಐದಕ್ಕ ಅರ್ಜಿ ಮುಗೀತಾವ. ಸರಿ ಮಾಡಿಸ್ಕೊಂಡು ಬಾ, ಇಲ್ಲಾಂದ್ರ ಬಿಡು.”

ನಿಮ್ಮಂಥವರು! ಆ ಒಂದು ಮಾತಿಗೆ ಮಾನಮ್ಮನ ಮೈಯೆಲ್ಲ ಉರಿದುಹೋಯಿತು. ಆದರೆ ಕೆಲಸ ಆಗಬೇಕಾದದ್ದು ಅವಳದು. ಬಾಯಿ ಬಿಗಿಹಿಡಿದು ಹೊರಗೆ ಬಂದಳು. ಅದು ಸೋಮವಾರ.

ಮಾನಮ್ಮ ಅಂದರೆ ಯಾರೋ ದಾರಿಹೋಕಳಲ್ಲ. ಮಾನ್ವಿ ತಾಲೂಕಿನ ಚೀಕಲಪರ್ವಿಯ ಆಶಾ ಕಾರ್ಯಕರ್ತೆ. ಹದಿನೈದು ವರ್ಷದಿಂದ ಆ ಊರಿನಲ್ಲಿ ಯಾವ ಕೂಸಿಗೆ ಯಾವ ಗುರುವಾರ ಸೂಜಿ ಎಂಬುದು ಆ ಕೂಸಿನ ತಾಯಿಗಿಂತ ಮೊದಲು ಅವಳಿಗೆ ಗೊತ್ತು. ಸೂಜಿ ಹಾಕಿಸಲು ತಪ್ಪಿಸಿಕೊಂಡು ಹೊಲಕ್ಕೆ ಹೋದವರನ್ನು ಗದ್ದೆಯ ಬದುವಿನ ಮೇಲೇ ನಿಂತು ಬೈದು ಕರೆತರುವವಳು. “ಆಶಾ ಅಕ್ಕ ಬಂದ್ಲು” ಅಂದರೆ ಗಂಡಸರೂ ಬೀಡಿ ಆರಿಸುತ್ತಾರೆ. ಅಂಥವಳಿಗೆ ಕಳ್ಳ ಕಾರ್ಡು ತಂದಿದ್ದೀಯ ಎಂದರೆ ಹೇಗಾಗಬೇಡ?

ಅವಳ ತವರು ದೇವದುರ್ಗ ತಾಲೂಕಿನ ಗೂಗಲ್, ಕೃಷ್ಣೆಯ ದಂಡೆ. ಮೊದಲ ಮಗ ವಿನೋದ ಹುಟ್ಟಿದ್ದು ಅಲ್ಲೇ. ನರ್ಸಮ್ಮ ಊರಿಗೆ ಬಂದ ದಿನ ಮಾನಮ್ಮ ಭತ್ತದ ನಾಟಿಗೆ ಹೋಗಿದ್ದಳು. ಮುಂದಿನ ಸಲ ಹಾಕಿಸಿದರಾಯಿತು ಅಂದುಕೊಂಡಳು. ಆ ಮುಂದಿನ ಸಲ ಬರುವ ಮೊದಲೇ ದಡಾರ ಬಂತು, ಹತ್ತು ತಿಂಗಳ ಕೂಸು ನಾಲ್ಕೇ ದಿನಕ್ಕೆ ಹೋಯಿತು. ನರ್ಸ್ ಕುಬ್ರಾ ಬೇಗಂ ಬಂದು ಸಂಜೆಯವರೆಗೆ ಅವಳ ಪಕ್ಕ ನೆಲದ ಮೇಲೆ ಕೂತು ಹೋಗಿದ್ದರು.

ಎರಡು ವರ್ಷದ ಮೇಲೆ ಅದೇ ಮನೆಯಲ್ಲಿ ಸಂಘಮಿತ್ರಾ ಹುಟ್ಟಿದಳು. ಕುಬ್ರಾ ಬೇಗಂ ಹಳದಿ ಕಾರ್ಡಿನ ಮೇಲೆ ಕೂಸಿನ ಹೆಸರು, ತಾಯಿಯ ಹೆಸರು, ಹುಟ್ಟಿದ ದಿನ ಬರೆದು, ಮಾನಮ್ಮನ ಕೈಯಲ್ಲಿಟ್ಟು ಬೆರಳು ಮಡಿಚಿದರು. “ಇದನ್ನ ಕಳೀಬ್ಯಾಡ ಬೇಟಾ. ಒಂದೂ ಮನಿ ಖಾಲಿ ಬಿಡಬ್ಯಾಡ,” ಎಂದರು. ಕಾರ್ಡಿನ ಒಂದು ಮನೆಯೂ, ಸೂಜಿಯ ತಾರೀಖು ಬರೆಯುವ ಒಂದು ಚೌಕವೂ, ಖಾಲಿ ಉಳಿಯಲಿಲ್ಲ. ಗಂಡನ ಊರು ಚೀಕಲಪರ್ವಿಗೆ ಬಂದಮೇಲೂ ಒಂಬತ್ತನೇ ತಿಂಗಳ ದಡಾರದ ಸೂಜಿಗೆ ಕೂಸನ್ನು ಬಗಲಲ್ಲಿ ಎತ್ತಿಕೊಂಡು, ಬಸ್ಸು ಬದಲಿಸಿ, ಮಾನ್ವಿ, ದೇವದುರ್ಗ ಸುತ್ತಿ ಮತ್ತೆ ಗೂಗಲ್‌ಗೇ ಹೋದಳು. ಊರಲ್ಲೇ ನರ್ಸ್ ಇರಲಿಲ್ಲವೇ? ಇದ್ದರು. ಬೇರೆಯವರ ಕೈಗೆ ಆ ಕಾರ್ಡು ಕೊಡಲು ಅವಳಿಗೆ ಮನಸ್ಸು ಬರಲಿಲ್ಲ.

ಅಷ್ಟು ಜೋಪಾನ ಮಾಡಿದ್ದೇ ತಪ್ಪಾಯಿತು ನೋಡಿ. ಮಗಳನ್ನು ಶಾಲೆಗೆ ಹಾಕುವ ದಿನ ಗಂಡ ತಾಯಣ್ಣ ಹೊರಟು ನಿಂತಾಗ ಅವಳು ಕಾರ್ಡು ಕೊಡಲಿಲ್ಲ. ಹೊರಗೆ ಹೋದರೆ ಎಲ್ಲಾದರೂ ಬಿದ್ದೀತು, ಮಳೆ ಬಂದರೆ ನೆನೆದೀತು ಎಂಬ ಹೆದರಿಕೆ. ಹೆಡ್ ಮಾಸ್ತರರು ಹುಟ್ಟಿದ ತಾರೀಖು ಕೇಳಿದರು. ತಾಯಣ್ಣ ತಲೆ ಕೆರೆದುಕೊಂಡು, “ನಿಮಗ ತಿಳದದ್ದು ಹಾಕ್ರಿ ಸರ,” ಎಂದ. ಮಾಸ್ತರರಿಗೆ ತಿಳಿದದ್ದು ಒಂದೇ ತಾರೀಖು. ಶಾಲೆ ಶುರುವಾಗುವ ಜೂನ್ ಒಂದು. ಆ ವರ್ಷ ಒಂದನೇ ತರಗತಿಗೆ ಸೇರಿದ ಹತ್ತೊಂಬತ್ತು ಮಕ್ಕಳೂ ಒಂದೇ ದಿನ ಹುಟ್ಟಿದವರಾದರು. ಯಾರೂ ಏನೂ ಅನ್ನಲಿಲ್ಲ. ಅವರಪ್ಪಂದಿರೂ ಅದೇ ದಿನ ಹುಟ್ಟಿದವರೇ.

ಈಗ ಆ ಸಂಘಮಿತ್ರಾ ದೂರದ ಜಿಲ್ಲೆಯ ಸರ್ಕಾರಿ ಕಾಲೇಜಿನಲ್ಲಿ ಡಾಕ್ಟರಿಕೆ ಓದುತ್ತಿದ್ದಾಳೆ. ಕೊನೆಯ ವರ್ಷಕ್ಕೆ ಕಾಲಿಡುವ ಮೊದಲು ಅವರಿಗೆ ಎಲೆಕ್ಟಿವ್ ಅಂತ ಒಂದು ತಿಂಗಳು ಸಿಗುತ್ತದೆ. ಮನಸ್ಸಿಗೆ ಬಂದ ವಿಭಾಗದಲ್ಲಿ, ಬೇಕಾದರೆ ಬೇರೆ ಊರಿನ ಆಸ್ಪತ್ರೆಯಲ್ಲಿ ಅತಿಥಿ ವಿದ್ಯಾರ್ಥಿಯಾಗಿ ಕೆಲಸ ಕಲಿಯಬಹುದು. ಜೊತೆಯವರೆಲ್ಲ ದೊಡ್ಡ ದೊಡ್ಡ ಊರಿನ ಹೆಸರು ಬರೆದರೆ ಇವಳು ಬರೆದದ್ದು ರಾಯಚೂರಿನ ಒಂದು ಟ್ರಸ್ಟ್ ಆಸ್ಪತ್ರೆಯ ನವಜಾತ ಶಿಶುಗಳ ವಾರ್ಡು. ಅದಕ್ಕೆ ಕಾರಣವಿತ್ತು. ಏಳನೇ ತರಗತಿಯಲ್ಲಿದ್ದಾಗ ಪಕ್ಕದ ಮನೆಯ ಲಲಿತಾಳ ಕೂಸನ್ನು, ಒಂದೂಕಾಲು ಕಿಲೋ ತೂಗುತ್ತಿದ್ದ ಕೂಸನ್ನು, ಮಾನಮ್ಮ ಆಂಬುಲೆನ್ಸಿನಲ್ಲಿ ಅಲ್ಲಿಗೆ ಕರೆದೊಯ್ದಾಗ ಇವಳೂ ಹಟ ಹಿಡಿದು ಹತ್ತಿದ್ದಳು. ಆ ಕೂಸು ಈಗ ಶಾಲೆಗೆ ಓಡುತ್ತದೆ. “ಯವ್ವಾ, ನಾ ಅಲ್ಲೇ ಕಲೀಬೇಕು ಬೇ. ನಮ್ಮ ಕಡಿ ಕೂಸುಗೋಳು ಬರೋದು ಅಲ್ಲಿಗೇ,” ಎಂದು ಅವಳು ಅಂದದ್ದು ಬಾಯಿಮಾತಿಗಲ್ಲ.

ಆ ವಾರ್ಡಿಗೆ ಬರುವ ವಿದ್ಯಾರ್ಥಿಗಳಿಗೆ ಬಾಲ್ಯದಲ್ಲಿ ಲಸಿಕೆ ಆಗಿರಬೇಕು, ಮೂಲ ಕಾರ್ಡು ತೋರಿಸಬೇಕು. ನ್ಯಾಯವಾದ ಮಾತೇ. ಮಗಳಿಗೆ ಕಾಲೇಜು ಬಿಟ್ಟು ಬರಲು ರಜೆಯಿಲ್ಲದ್ದರಿಂದ ತಾಯಿ ಎದೆಯುಬ್ಬಿಸಿಕೊಂಡು ಕಾರ್ಡು ತಂದಳು. ಇಂಥ ದಿನಕ್ಕೇ ಕಾದಿಟ್ಟಿದ್ದೆ ಎಂಬ ಹಿಗ್ಗು ಅವಳಿಗೆ. ಆ ಹಿಗ್ಗನ್ನೇ ಶಂಭುಲಿಂಗಪ್ಪನವರು ನೆಲಕ್ಕೆ ಎಸೆದದ್ದು.

ಮಂಗಳವಾರ ದೇವದುರ್ಗ. ಕಾರ್ಡು ಕೊಟ್ಟ ಇಲಾಖೆಯಿಂದ ಒಂದು ಪತ್ರ ತಾ ಎಂದಿದ್ದರು ಸಾಹೇಬರು. ಅಲ್ಲಿಯ ಆರೋಗ್ಯ ಇಲಾಖೆಯ ಗುಮಾಸ್ತ, “ಇಪ್ಪತ್ತು ವರ್ಷದ ರಿಜಿಸ್ಟರ್ ಎಲ್ಲಿ ಹುಡುಕ್ಲಿ ಯಕ್ಕಾ? ಗೆದ್ದಲು ತಿಂದು ಹಾಕ್ಯಾವ,” ಎಂದ. ಕುಬ್ರಾ ಬೇಗಂ? ಅವರು ತೀರಿಕೊಂಡು ಆರು ವರ್ಷವಾಗಿತ್ತು. ಬುಧವಾರ ಮಾನ್ವಿ. ಶಾಲೆಯ ದಾಖಲೆಯಲ್ಲಿ ಬಿದ್ದ ತಾರೀಖನ್ನು ಇನ್ನು ಕೋರ್ಟೇ ಬದಲಿಸಬೇಕು ಎಂದರು ಶಿಕ್ಷಣ ಇಲಾಖೆಯ ಕಚೇರಿಯವರು. ಗುರುವಾರ ಊರಿನಲ್ಲಿ ಸೂಜಿಯ ದಿನ, ಅದನ್ನೂ ಜೊತೆಯವಳಿಗೆ ಒಪ್ಪಿಸಿ ನೋಟರಿಯ ಹತ್ತಿರ ಹೋಗಿ, ಎರಡೂ ತಾರೀಖಿನ ಹುಡುಗಿ ಒಬ್ಬಳೇ ಎಂದು ಅಫಿಡವಿಟ್ ಮಾಡಿಸಿಕೊಂಡು ಮತ್ತೆ ರಾಯಚೂರಿನ ಬಸ್ಸು ಹತ್ತಿದಳು.

ಶಂಭುಲಿಂಗಪ್ಪನವರು ಕನ್ನಡಕ ಮೂಗಿನ ತುದಿಗೆ ತಂದು ಓದಿದರು. “ಒಬ್ಬಾಕಿನೇ ಅಂತ ಬರದಾರ. ಯಾವ ತಾರೀಖು ಖರೇ ಅಂತ ಎಲ್ಲಿ ಬರದಾರ?”

“ಕಾರ್ಡಿಂದು ಖರೇ ರೀ.”

“ಹಂಗಾದ್ರ ಮಾರ್ಕ್ಸ್ ಕಾರ್ಡ್ ಸುಳ್ಳಾತು. ಮಾರ್ಕ್ಸ್ ಕಾರ್ಡ್ ಸುಳ್ಳಾದ್ರ ಆಕಿ ಮೆಡಿಕಲ್ ಸೀಟೂ ಸುಳ್ಳು. ಹಂಗ ಬರಕೊಡ್ತೀಯೇನು?”

“ಅಯ್ಯ, ಬ್ಯಾಡ್ರಿ!”

“ಮತ್ತ ಜೂನ್ ಒಂದು ಖರೇ ಅಂದ್ರ ಈ ಕಾರ್ಡ್ ಸುಳ್ಳು. ಹೋಗು, ನಂದು ತಲಿ ತಿನ್ನಬ್ಯಾಡ.”

ಎಂಥ ಬುದ್ಧಿವಂತಿಕೆ! ಆ ಕಡೆ ಹೋದರೂ ಗೋಡೆ, ಈ ಕಡೆ ಹೋದರೂ ಗೋಡೆ. ಮಾನಮ್ಮ ಬಸ್ ಸ್ಟ್ಯಾಂಡಿನಲ್ಲಿ ಕೂತು ಮಗಳಿಗೆ ಫೋನ್ ಮಾಡಿದಳು. ಮಗಳು ಇನ್ನೊಂದು ಸುದ್ದಿ ಹೇಳಿದಳು. ಅವಳ ತರಗತಿಯ ಕಾವ್ಯಾ, ಕವಿತಾಳದ ರೈಸ್ ಮಿಲ್ಲಿನವರ ಮೊಮ್ಮಗಳು, ಅದೇ ವಾರ್ಡಿಗೆ ಅರ್ಜಿ ಹಾಕಿದ್ದಳಂತೆ. ಅವಳ ಹತ್ತಿರ ಲಸಿಕೆ ಕಾರ್ಡೇ ಇಲ್ಲ. ಮನೆಯ ಡಾಕ್ಟರರ ಒಂದು ಚೀಟಿ, ಅಜ್ಜನ ಒಂದು ಫೋನು. ಐದು ನಿಮಿಷದಲ್ಲಿ ಠಸ್ಸೆ ಬಿತ್ತು. ಪಾಪ, ಆ ಹುಡುಗಿಯೇ ನಾಚಿಕೊಂಡು ಹೇಳಿದ್ದಳು.

“ಬಿಡು ಬೇ ಯವ್ವಾ. ನಾ ಇಲ್ಲೇ ಕಾಲೇಜಿನಾಗ ಮಾಡ್ತೀನಿ. ನೀ ಸುಮ್ಮನ ಅಡ್ಡ್ಯಾಡಿ ಸಾಯಬ್ಯಾಡ.”

ಬಿಡು ಅಂದಳು. ಏಳನೇ ತರಗತಿಯಿಂದ ಹಿಡಿದ ಹಟವನ್ನು ಮಗಳು ಬಿಡು ಅಂದಳು. ಮಾನಮ್ಮನಿಗೆ ಆಗ ಅಳು ಬರಲಿಲ್ಲ. ಸಿಟ್ಟು ಬಂತು. ಬಂದದ್ದು ಹೋಗಲೂ ಇಲ್ಲ.

ಶುಕ್ರವಾರ ಅವಳು ಗುಲಾಬಿ ಬಣ್ಣದ ಆಶಾ ಸೀರೆ ಉಟ್ಟುಕೊಂಡು ಹೊರಟಳು. ಹತ್ತು ಗಂಟೆಗೆ ಆಫೀಸಿನ ಬಾಗಿಲಲ್ಲಿ ನಿಂತವಳನ್ನು ಶಂಭುಲಿಂಗಪ್ಪನವರು ಮೂರರವರೆಗೆ ಕಂಡರೂ ಕಾಣಲಿಲ್ಲ. ಆಫೀಸಿನ ಜವಾನ ಮಹಮ್ಮದ್ ಹುಸೇನ್‌ಗೇ ಮನಸ್ಸು ತಡೆಯದೆ, “ಒಳಗ ಹೋಗಕ್ಕಾ, ಏನಂತಾರೋ ಅನ್ಲಿ,” ಎಂದು ಬಾಗಿಲು ಸರಿಸಿದ. ಹಿಂದೆಯೇ ಹೊರಗೆ ಕಾಯುತ್ತಿದ್ದ ಇನ್ನೂ ನಾಲ್ಕು ಮಂದಿ ಒಳನುಗ್ಗಿದರು.

ಸಾಹೇಬರು ಫೋನಿನಲ್ಲಿದ್ದರು. ನಿಂತವಳ ಕಣ್ಣು ಗೋಡೆಯ ಮೇಲಿನ ಕಟ್ಟು ಹಾಕಿಸಿದ ಫೋಟೋದ ಮೇಲೆ ಬಿತ್ತು. ಶಂಭುಲಿಂಗಪ್ಪನವರು ಈ ಆಸ್ಪತ್ರೆಗೆ ಬರುವ ಮೊದಲು ಸರ್ಕಾರಿ ನೌಕರಿಯಲ್ಲಿದ್ದವರು. ಅವರೂ ಸೇರಿ ಏಳು ಮಂದಿ ಸಾಲಾಗಿ ಕುರ್ಚಿಯಲ್ಲಿ ಕೂತಿದ್ದಾರೆ, ತಲೆಗೆ ಪೇಟ, ಹೆಗಲಿಗೆ ಶಾಲು, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಕೆಳಗೆ ಬರೆದಿದೆ: ವಯೋನಿವೃತ್ತರಿಗೆ ಬೀಳ್ಕೊಡುಗೆ, ಮೇ ಮೂವತ್ತೊಂದು. ಸೋಮವಾರವೂ ಗುರುವಾರವೂ ಅದು ಅಲ್ಲೇ ಇತ್ತು. ತಲೆ ತಗ್ಗಿಸಿ ನಿಂತವಳಿಗೆ ಕಾಣಲಿಲ್ಲ ಅಷ್ಟೇ. ತಿಂಗಳ ಒಂದನೇ ತಾರೀಖಿಗೆ ಹುಟ್ಟಿದ ನೌಕರರು ಹಿಂದಿನ ದಿನವೇ ನಿವೃತ್ತರಾಗುತ್ತಾರೆ, ಮೇ ಕೊನೆಗೆ ಹೀಗೆ ಗುಂಪಾಗಿ ಹೋಗುವವರು ಹೆಚ್ಚಾಗಿ ಜೂನ್ ಒಂದರವರೇ ಎಂಬುದು ಆಸ್ಪತ್ರೆ, ಕಚೇರಿ ಅಂತ ಅಲೆಯುವ ಮಾನಮ್ಮನಿಗೆ ಚೆನ್ನಾಗಿ ಗೊತ್ತು.

ಫೋನ್ ಇಟ್ಟ ಕೂಡಲೆ ಕೇಳಿದಳು. “ಸಾಹೇಬ್ರ, ಈ ಫೋಟೋದಾಗ ಏಳು ಮಂದಿ ಅದೀರಿ. ಏಳೂ ಮಂದಿ ಮೇ ಮೂವತ್ತೊಂದಕ್ಕ ರಿಟೈರ್ಡ್ ಆಗೀರಿ. ಏಳೂ ಮಂದೀನ ನಿಮ್ಮ ನಿಮ್ಮ ಅವ್ವಂದ್ರು ಜೂನ್ ಒಂದಕ್ಕಽ ಹಡದಾರೇನ್ರಿ?”

ಶಂಭುಲಿಂಗಪ್ಪನವರ ಕೈಯಲ್ಲಿದ್ದ ಪೆನ್ನು ನಿಂತಿತು. ಬಾಗಿಲಲ್ಲಿದ್ದ ಹುಸೇನ್ ಸುಮ್ಮನಿರಬೇಕಲ್ಲ! “ಸಾಹೇಬ್ರದು ಜೂನ್ ಒಂದಽ ನೋಡಕ್ಕಾ. ವರ್ಷಾ ಅವತ್ತು ನಮಗೆಲ್ಲ ಪೇಡಾ ತಿನ್ನಸ್ತಾರ. ನಂದೂ ಜೂನ್ ಒಂದಽ. ನನಗ ಯಾರೂ ತಿನ್ನಸಂಗಿಲ್ಲ.”

ಹಿಂದೆ ನಿಂತವರು ಗೊಳ್ಳೆಂದು ನಕ್ಕರು. “ನಮ್ಮಪ್ಪಂದೂ ಅದಽ ರೀ,” ಎಂದು ಒಬ್ಬ ಕೂಗಿದ. ಮಾನಮ್ಮ ನಗಲಿಲ್ಲ. ಅರ್ಜಿಯನ್ನೂ ಕಾರ್ಡನ್ನೂ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟಳು.

“ಇದರಾಗ ಬರೀರಿ. ‘ಜೂನ್ ಒಂದು ಖರೇ, ಈ ಕಾರ್ಡ್ ಸುಳ್ಳು, ಅದಕ್ಕ ಈ ಹುಡುಗಿಗೆ ಜಾಗ ಕೊಡಂಗಿಲ್ಲ’ ಅಂತ ಬರದು ಸಹಿ ಮಾಡ್ರಿ. ನಾ ಸುಮ್ಮನ ಮನಿಗೆ ಹೋಗ್ತೀನಿ. ಆದ್ರ ಅದರ ಕೆಳಗ ಇನ್ನೊಂದು ಸಾಲು ಬರೀಬೇಕು. ‘ನಮ್ಮವ್ವ ನನ್ನ ಹಡದದ್ದೂ ಜೂನ್ ಒಂದಕ್ಕಽ’ ಅಂತ. ಆಕಿ ಮ್ಯಾಲ ಆಣಿ ಮಾಡಿ ಬರೀರಿ.”

“ಏ, ಸರ್ಕಾರದ ದಾಖಲೆ ಬ್ಯಾರೆ...”

“ನಿಮಗಾದ್ರ ದಾಖಲಿ, ನನ್ನ ಮಗಳಿಗಾದ್ರ ಕಳ್ಳತನ ಏನ್ರಿ? ಕಾರ್ಡಽ ಇಲ್ಲದವರಿಗೆ ಠಸ್ಸೆ ಹೊಡದೀರಿ. ಇದ್ದಾಕಿಗೆ ನಾಕು ದಿನ ಊರೂರು ಅಡ್ಡ್ಯಾಡ್ಸೀರಿ. ಒಂದು ಕೂಸನ್ನ ಸೂಜಿ ಇಲ್ಲದಽ ಮಣ್ಣಿಗಿಟ್ಟೀನ್ರಿ ನಾನು. ಎರಡನೇದಕ್ಕ ಒಂದೂ ತಪ್ಪಿಸಿಲ್ಲ. ಅದರ ಲೆಕ್ಕ ಈ ರಟ್ಟಿನಾಗ ಅದ. ಬರೀರಿ, ಸುಳ್ಳು ಅಂತ ಬರೀರಿ!”

ಶಂಭುಲಿಂಗಪ್ಪನವರು ಬಿಳಿ ಹಾಳೆಯನ್ನು ನೋಡಿದರು, ಬಾಗಿಲಲ್ಲಿ ನೆರೆದವರನ್ನು ನೋಡಿದರು. ಆಮೇಲೆ ಹಾಳೆಯನ್ನು ಪಕ್ಕಕ್ಕೆ ಸರಿಸಿ, ಕಾರ್ಡು ಬಿಡಿಸಿ, ಒಂದೊಂದೇ ಮನೆಯ ಮೇಲೆ ಬೆರಳಿಟ್ಟು ಓದಿದರು. ಪೂರ್ತಿ ಓದಿದ್ದು ಅದೇ ಮೊದಲು. ಅರ್ಜಿಯ ಮೇಲೆ ‘ಮೂಲ ಕಾರ್ಡು ಪರಿಶೀಲಿಸಿದೆ, ಲಸಿಕೆಗಳು ಪೂರ್ಣ’ ಎಂದು ಬರೆದು ಠಸ್ಸೆ ಒತ್ತಿದರು. ಗಡಿಯಾರದಲ್ಲಿ ನಾಲ್ಕಾಗಲು ಹತ್ತು ನಿಮಿಷವಿತ್ತು.

ಕಾರ್ಡು ಇನ್ನೂ ಅವರ ಕೈಯಲ್ಲೇ ಇತ್ತು. “ನಾ ಹುಟ್ಟಿದ್ದು ಶೇಂಗಾ ಕೀಳೋ ದಿನದಾಗ ಅಂತ ನಮ್ಮವ್ವ ಅಂತಿದ್ಲು,” ಎಂದರು ಮೆಲ್ಲಗೆ, ಯಾರಿಗೆ ಹೇಳುತ್ತಿದ್ದೇನೆಂದು ತಿಳಿಯದವರಂತೆ. “ತಾರೀಖು ಯಾರು ಬರದಿಡತಿದ್ರು ಆಗ? ಯಾರೂ ಬರದಿಡಲಿಲ್ಲ.”

“ನಾ ಬರಸಿಟ್ಟೀನ್ರಿ,” ಎಂದಳು ಮಾನಮ್ಮ. “ಅದನ್ನಽ ನೀವು ನೆಲಕ್ಕ ಒಗದ್ರಿ.”

ಶಂಭುಲಿಂಗಪ್ಪನವರು ಕುರ್ಚಿಯಿಂದ ಎದ್ದು ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು. ಮಾನಮ್ಮ ಅದನ್ನು ತೆಗೆದುಕೊಂಡು, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಮಡಿಚಿ, ಮಗಳಿಗೆ ಫೋನ್ ಮಾಡಲು ಹೊರಗೆ ಹೋದಳು.