ಮಸ್ಕಿಯ ವೇದಿಕೆಗೆ ಒಂದು ಹಳೆಯ ಸೀರೆ

ನಮ್ಮ ಭಜನಾ ಮಂಡಳಿಯನ್ನು ಹೊಗಳುವವರು ಸಿಂಧನೂರಿನಲ್ಲಿ ಇವತ್ತಿಗೂ ಸಿಗುತ್ತಾರೆ. ಎಷ್ಟು ಚಂದ ಹಾಡುತ್ತಿದ್ದಿರಿ, ಎಷ್ಟು ಬಡವರಿಗೆ ಆಸರೆಯಾದಿರಿ ಎನ್ನುತ್ತಾರೆ. ನಾನು ಹೂಂ ಎಂದು ಮಾತು ಬದಲಿಸುತ್ತೇನೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೆ ನಡೆದದ್ದು ಗೊತ್ತಿಲ್ಲ. ಗೊತ್ತಿದ್ದೂ ಚಪ್ಪಾಳೆ ತಟ್ಟಿದವರ ಮೇಲಿನ ಸಿಟ್ಟು ಮಾತ್ರ ಇಷ್ಟು ವರ್ಷವಾದರೂ ಆರಿಲ್ಲ.

ಎಂಬತ್ತರ ದಶಕದ ನಡುವಿನಲ್ಲಿ ನಾನು ಮಾಸ್ತರರ ಹೆಂಡತಿಯಾಗಿ ಆ ಊರಿಗೆ ಬಂದೆ. ಓಣಿಯ ಹತ್ತು ಹನ್ನೆರಡು ಹೆಂಗಸರು ಸೋಮವಾರ ಸಂಜೆ ಗುಡಿಯ ಕಟ್ಟೆಯ ಮೇಲೆ ಕೂತು ತತ್ವಪದ ಹಾಡುತ್ತಿದ್ದರು. ಶ್ರಾವಣ ಬಂತೆಂದರೆ ತಾಳ ಹಿಡಿದು ಓಣಿ ಓಣಿ ತಿರುಗುತ್ತಿದ್ದರು. ಮನೆಯವರು ಹಾಡು ಕೇಳಿ ಜೋಳ, ಅಕ್ಕಿ, ಹೊದೆಯಲು ಒಂದು ಕೌದಿ, ಒಂದು ತಂಬಿಗೆ, ಕೈಲಾದದ್ದನ್ನು ಜೋಳಿಗೆಗೆ ಹಾಕುತ್ತಿದ್ದರು. ಬಾಣಂತಿ ಇದ್ದ ಬಡವರ ಮನೆಗೋ, ಗಂಡ ಹಾಸಿಗೆ ಹಿಡಿದವಳ ಮನೆಗೋ ಅದು ಹೋಗುತ್ತಿತ್ತು. ಕೊಟ್ಟು ಬಂದ ಮೇಲೆ ಅದರ ಮಾತೇ ಇಲ್ಲ. ಆ ಹೆಂಗಸರ ನಡುವೆ ಹೋಗಿ ಕೂತದ್ದು ನನ್ನ ಪುಣ್ಯ ಅಂದುಕೊಂಡಿದ್ದೆ.

ಭಜನೆಯಲ್ಲಿ ಒಬ್ಬರು ಸಾಲು ಎತ್ತಬೇಕು, ಉಳಿದವರು ಅದನ್ನು ಹಿಡಿದು ಹಿಂದೆ ಹಾಡಬೇಕು. ನಮ್ಮಲ್ಲಿ ಎತ್ತುವವಳು ಒಬ್ಬಳೇ ಇದ್ದಳು. ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಮಗಳನ್ನೂ ಮೊಮ್ಮಗುವನ್ನೂ ಸಾಕುತ್ತಿದ್ದ ವಿಧವೆ. ಹೊಗೆ ಕುಡಿದು ಕುಡಿದು ಗಂಟಲು ಸ್ವಲ್ಪ ಒಡೆದಿತ್ತು, ಆದರೆ ಆಕೆ ಮೊದಲ ಸಾಲು ಎತ್ತಿದರೆ ಬೀದಿಯಲ್ಲಿ ಸೈಕಲ್ಲು ನಿಲ್ಲುತ್ತಿದ್ದವು. ನಾನು ಸಂಕೋಚದಿಂದ ಪಿಸುಗುಡುತ್ತಿದ್ದಾಗ ಮೊಣಕೈಯಿಂದ ತಿವಿದು, "ಬಾಯಿ ತೆರದ ಹಾಡು ತಂಗಿ, ನಿನ್ನ ಯಾರೂ ತಿನ್ನಂಗಿಲ್ಲ" ಅಂದಿದ್ದಳು. ಅಂದಿನಿಂದ ಆಕೆಗೆ ನಾನು ತಂಗಿ.

ಆಮೇಲೆ ನಮ್ಮ ಹಾಡು ಊರ ಗಂಡಸರ ಕಿವಿಗೆ ಬಿತ್ತು. ಭತ್ತದ ಮಿಲ್ಲಿನ ಸಾವ್ಕಾರರೊಬ್ಬರು ತಾವಾಗಿಯೇ ಮಂಡಳಿಯ ಅಧ್ಯಕ್ಷರಾದರು. ಅವರು ಒಂದು ಸಾಲನ್ನೂ ಹಾಡಿದವರಲ್ಲ. ಬಾರಿಸಲು ಪೇಟಿ ಬಂತು, ಮೈಕು ಬಂತು, ಬಟ್ಟೆಯ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬಂತು. ಎಲ್ಲರಿಗೂ ಒಂದೇ ನಮೂನೆಯ ನೀಲಿ ಇಳಕಲ್ ಸೀರೆ ಬಂತು. ಲಿಂಗಸುಗೂರಿನಲ್ಲಿ ಹಾಡಿದೆವು, ಜವಳಗೇರಾದಲ್ಲಿ ಹಾಡಿದೆವು. ಹಾಡು ಮುಗಿದ ಮೇಲೆ ಸಾವ್ಕಾರರ ಭಾಷಣ, ಅದು ಮುಗಿದ ಮೇಲೆ ಬಡವರಿಗೆ ಹಂಚಿಕೆ. ತೆಗೆದುಕೊಳ್ಳುವವರು ಕೆಳಗೆ ಜಮಖಾನೆಯ ಮೇಲೆ ಕೂತಿರಬೇಕು, ಹೆಸರು ಕೂಗಿದಾಗ ಮೆಟ್ಟಿಲು ಹತ್ತಿ ಬರಬೇಕು, ಕ್ಯಾಮೆರಾದವನ ಕಡೆಗೆ ನೋಡಬೇಕು. ನನಗೆ ಅದು ಮೊದಲ ದಿನದಿಂದಲೇ ಹಿಡಿಸಲಿಲ್ಲ. ಹಾಡು ಕೊಟ್ಟವರು ನಾವು, ಕೈ ಎತ್ತಿ ದಾನ ಮಾಡಿದವರು ಅವರು.

ಒಂದು ಮಳೆಗಾಲ ಬಿಡದೆ ಹೊಡೆಯಿತು. ರೊಟ್ಟಿಯಾಕೆಯ ಮಣ್ಣಿನ ಮಾಳಿಗೆ ಮನೆ ಕುಸಿದುಬಿತ್ತು. ಎಲ್ಲರೂ ಹೊರಗಿದ್ದರು, ಜೀವ ಉಳಿಯಿತು. ಪಾತ್ರೆ, ಜೋಳದ ಹಿಟ್ಟು, ಟ್ರಂಕು, ಸೀರೆಗಳು ಮಣ್ಣು ಪಾಲಾದವು. ಮಂಡಳಿಯ ನೀಲಿ ಸೀರೆ ಅಗಸರ ಮನೆಯಲ್ಲಿ ಇಸ್ತ್ರಿಗೆ ಹೋಗಿದ್ದರಿಂದ ಅದೊಂದು ಉಳಿಯಿತು. ಮೂವರೂ ಗುಡಿಯ ಹಿಂದಿನ ಪಡಸಾಲೆಯಲ್ಲಿ ಮಲಗುತ್ತಿದ್ದರು. ಮಗುವಿಗೆ ಕೆಮ್ಮು ಹಿಡಿದಿತ್ತು. ಆಕೆಗೆ ತುರ್ತಾಗಿ ಬೇಕಾಗಿದ್ದು ಮೇಲೊಂದು ಸೂರು.

ಮಂಡಳಿಯ ಬಳಿ ತಗಡುಗಳಿದ್ದವು, ಪಾತ್ರೆಗಳಿದ್ದವು. ನಮ್ಮ ಹಾಡಿನಿಂದಲೇ ಕೂಡಿದ ಸಾಮಾನು ಅದು, ಮಿಲ್ಲಿನ ಗೋದಾಮಿನಲ್ಲಿತ್ತು. ಇವತ್ತೇ ಕೊಟ್ಟುಬಿಡೋಣ ಎಂದು ನಾವೆಲ್ಲ ಆಕೆಯನ್ನೂ ಕರೆದುಕೊಂಡು ಸಾವ್ಕಾರರ ಮನೆಗೆ ಹೋದೆವು. ಅವರು ಎಲೆ ಅಡಿಕೆ ಮೆಲ್ಲುತ್ತ, ಕೊಡೋಣ, ಮಸ್ಕಿಯ ಕಾರ್ಯಕ್ರಮದಲ್ಲಿ ಕೊಡೋಣ ಎಂದರು. ಆಮೇಲೆ ಆಕೆಯ ಕಡೆಗೆ ತಿರುಗಿ, ಆವತ್ತು ನೀನು ಮೇಲೆ ಕೂತು ಹಾಡುವುದು ಬೇಡ ಎಂದರು. ಕೊಡುವವರ ಸಾಲಿನಲ್ಲಿ ಕೂತವಳೇ ಎದ್ದು ಬಂದು ತೆಗೆದುಕೊಂಡರೆ, ಇವರು ತಮ್ಮೊಳಗೇ ಹಂಚಿಕೊಂಡರು ಎಂದು ಜನ ಆಡಿಕೊಳ್ಳುತ್ತಾರಂತೆ. "ಹಾಡೂದು ಮ್ಯಾಲೆ ಕುಂತೋರ ಕೆಲಸ. ಆವತ್ತೊಂದಿನ ನೀ ಕೆಳಗ ಕೂಡು" ಅಂದರು.

ಅಷ್ಟಕ್ಕೇ ಬಿಡಲಿಲ್ಲ. ನೀಲಿ ಸೀರೆ ಉಟ್ಟು ಬರಬೇಡ, ಅದನ್ನು ಉಟ್ಟರೆ ಬಡವಿ ಅನ್ನಿಸುವುದಿಲ್ಲ ಎಂದರು. ಮನೆ ಬಿದ್ದ ದಿನ ಮೈಮೇಲಿದ್ದ ಸೀರೆ ಕೂಸಿಗೆ ಹೊದಿಕೆಯಾಗಿತ್ತು, ನೀಲಿಯದನ್ನು ಬಿಟ್ಟರೆ ಆಕೆಯ ಹತ್ತಿರ ಉಡಲು ಸೀರೆಯೇ ಇರಲಿಲ್ಲ. ಎಲ್ಲ ಕಳೆದುಕೊಂಡವಳು ಬಡವಿಯಂತೆ ಕಾಣಲು ಇನ್ನೊಬ್ಬರ ಹರಕು ಸೀರೆ ಕೇಳಿ ಉಡಬೇಕಿತ್ತು. ನನ್ನ ಮೈ ಉರಿದುಹೋಯಿತು. ಇದೆಂಥ ಧರ್ಮ ಸಾವ್ಕಾರ್ರೇ, ಮಂಡಳಿ ನಿಂತಿರುವುದೇ ಆಕೆಯ ಗಂಟಲಿನ ಮೇಲೆ ಅಲ್ಲವೇ ಎಂದು ಎದುರಿಗೇ ಕೇಳಿದೆ. ಅವರು, ಮಾಸ್ತರರು ಆರಾಮ ಇದ್ದಾರೇನು ಎಂದು ನನ್ನನ್ನು ವಿಚಾರಿಸಿದರು. ಉಳಿದ ಹೆಂಗಸರು ನೆಲ ನೋಡುತ್ತಿದ್ದರು. ರೊಟ್ಟಿಯಾಕೆ ನನ್ನ ಕೈ ಒತ್ತಿ, "ಬಿಡು ತಂಗಿ, ಕೂಸು ಕೆಮ್ಮಾಕತ್ತೈತಿ" ಅಂದಳು. ಸಾವ್ಕಾರರ ಹೆಂಡತಿ ಒಳಗಿನಿಂದ ಒಂದು ಹಳೆಯ ಸೀರೆ ತಂದುಕೊಟ್ಟರು. ಸೆರಗಿನ ಹತ್ತಿರ ತೇಪೆ ಹಾಕಿದ್ದಿತ್ತು.

ಮಸ್ಕಿಗೆ ಟೆಂಪೋದಲ್ಲಿ ಹೋದೆವು. ನಾವು ನೀಲಿ, ಆಕೆಯೊಬ್ಬಳೇ ಬೇರೆ. ಬಯಲಿನಲ್ಲಿ ಪೆಂಡಾಲು ಹಾಕಿದ್ದರು, ಒಳ್ಳೆಯ ಜನ ಸೇರಿತ್ತು. ಪದ ಎತ್ತುವ ಜಾಗದಲ್ಲಿ ಸಾವ್ಕಾರರ ಹೆಂಡತಿ ಕೂತರು. ಶ್ರುತಿ ಒಂದು ಕಡೆ, ಅವರು ಒಂದು ಕಡೆ. ನಾವು ಯಾವುದನ್ನು ಹಿಡಿಯುವುದೋ ತಿಳಿಯದೆ ಒಬ್ಬೊಬ್ಬರು ಒಂದೊಂದು ದಾರಿ ಹಿಡಿದೆವು. ಕೆಳಗೆ ಜಮಖಾನೆಯ ಮೇಲೆ ಆಕೆ ತಲೆ ತಗ್ಗಿಸಿ ಕೂತಿದ್ದಳು. ಅಭ್ಯಾಸಬಲದಿಂದ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು, ಬಾಯಿ ಮಾತ್ರ ಗಟ್ಟಿಯಾಗಿ ಮುಚ್ಚಿತ್ತು. ನಾನು ಎರಡನೆಯ ಪದಕ್ಕೆ ತಾಳ ಕೆಳಗಿಟ್ಟೆ. ಯಾರೂ ಗಮನಿಸಲಿಲ್ಲ.

ಹೆಸರು ಕೂಗಿದರು. ನಿರ್ಗತಿಕ ಮಹಿಳೆ ಎಂದು ಎರಡು ಸಲ ಹೇಳಿದರು. ಆಕೆ ಬಂದು ತಗಡಿನ ಅಂಚು ಹಿಡಿದಳು, ಕ್ಯಾಮೆರಾದವನು ಇನ್ನೂ ಮೇಲಕ್ಕೆ ಎತ್ತು ಅಂದ, ಎತ್ತಿದಳು. ಚಪ್ಪಾಳೆ ಬಿತ್ತು. ಆ ಸದ್ದಿಗೆ ಸಾವ್ಕಾರರು ಉಬ್ಬಿಹೋದರು. ಮೊದಲೇ ಕೆಟ್ಟಿದ್ದ ಹಾಡನ್ನು ರಿಪೇರಿ ಮಾಡುವ ಆಸೆಯೂ ಇತ್ತೇನೋ. ಈ ತಾಯಿಗೆ ಕಂಠ ಚಲೋ ಇದೆ, ಉಪಕಾರ ನೆನೆದು ಈಗೊಂದು ಪದ ಹಾಡುತ್ತಾಳೆ ಎಂದು ಮೈಕನ್ನು ಆಕೆಯ ಮುಖಕ್ಕೆ ಹಿಡಿದರು.

ಆಕೆ ತಗಡು ಬಿಡಲಿಲ್ಲ. ಮೈಕಿನ ಮುಂದೆಯೇ ಹೇಳಿದಳು: "ಹಾಡೂದು ಮ್ಯಾಲೆ ಕುಂತೋರ ಕೆಲಸ ಅಂತ ನೀವ ಅಂದಿದ್ರಲ್ರಿ, ಸಾವ್ಕಾರ್ರ. ನಾ ಕೆಳಗ ಕುಂತಾಕಿ."

ಪೆಂಡಾಲಿನ ಕೊನೆಯವರೆಗೂ ಕೇಳಿಸಿತು. ಸಾವ್ಕಾರರು ಮೈಕು ತಮ್ಮ ಕಡೆ ತಿರುಗಿಸಿಕೊಂಡು ಮುಂದಿನ ಹೆಸರು ಕೂಗಿದರು. ಆಕೆ ತಗಡನ್ನು ತಲೆಯ ಮೇಲಿಟ್ಟುಕೊಂಡು ಮೆಟ್ಟಿಲು ಇಳಿದಳು. ಹಿಂದಿರುಗುವ ಟೆಂಪೋದಲ್ಲಿ ಸಾವ್ಕಾರರ ಹೆಂಡತಿ, ಸೊಕ್ಕು ನೋಡ್ರಿ ಅಂದರು. ಸೊಕ್ಕು ಯಾರದು ಎಂದು ನಾನು ಕೇಳಿದೆ.

ಸೋಮವಾರದ ಭಜನೆಗೆ ಆಕೆ ಮತ್ತೆ ಬರಲಿಲ್ಲ. ನಾನೂ ಬಿಟ್ಟೆ. ಮಂಡಳಿ ಮಾತ್ರ ತೊಂಬತ್ತರ ದಶಕದಲ್ಲೂ ನಾಲ್ಕೈದು ವರ್ಷ ನಡೆಯಿತು, ಸನ್ಮಾನಗಳೂ ಆದವು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಆಕೆಯ ಓಣಿಗೆ ಹೋದೆ. ಗೋಡೆ ಎದ್ದಿತ್ತು, ಮೇಲೆ ತಗಡು ಕೂತಿತ್ತು. ಒಳಗೆ ರೊಟ್ಟಿ ಬಡಿಯುವ ಸದ್ದು, ಅದರ ಜೊತೆ ನಾವೆಲ್ಲ ಎಷ್ಟೋ ಸಲ ಹಿಂದೆ ಹಾಡಿದ ಪದ. ಮೊದಲಿಗಿಂತ ಚಂದ ಹಾಡುತ್ತಿದ್ದಳು. ನನ್ನ ಬಾಯಿಯೂ ತಾನಾಗಿ ತೆರೆಯಿತು, ಎರಡನೆಯ ಸಾಲು ಹಿಡಿಯುತ್ತ ಬಾಗಿಲಲ್ಲಿ ನಿಂತೆ. ಆಕೆ ತಲೆ ಎತ್ತಿ ನೋಡಿದಳು. ಹಾಡು ನಿಂತಿತು.

"ರೊಟ್ಟಿ ಎಷ್ಟ ಬೇಕ್ರೀ, ಬಾಯಾರ?" ಅಂದಳು.

ತಂಗಿ ಅನ್ನಲಿಲ್ಲ, ದೊಡ್ಡ ಮನೆಯ ಹೆಂಗಸರನ್ನು ಕರೆಯುವಂತೆ ಬಾಯಾರ ಅಂದಳು. ಸಾವ್ಕಾರರಿಗೆ ಎದುರು ಮಾತಾಡಿದ್ದೆ ನಿಜ, ಆದರೆ ಮಸ್ಕಿಯಲ್ಲಿ ನಾನೂ ನೀಲಿ ಸೀರೆ ಉಟ್ಟು ಮೇಲೆಯೇ ಕೂತಿದ್ದೆ. ನಾಲ್ಕು ಸಾಕು ಎಂದೆ.