ಟೆಲಿಪ್ರಿಂಟರ್ ಮರೆತಿದ್ದ ಸದ್ದು

ದೋಣಿಗಲ್‌ನಲ್ಲಿದ್ದ ನನ್ನ ಚಿಕ್ಕಪ್ಪನಿಗೆ ಕಾಫಿ ತೋಟಕ್ಕಿಂತ ರೇಡಿಯೊ ರಿಪೇರಿಯ ಮೇಲೆ ಪ್ರೀತಿ ಹೆಚ್ಚು. ತೊಂಬತ್ತರ ದಶಕದ ಮೊದಲಲ್ಲಿ, ಟೀವಿಗೆ ಸಿಕ್ಕಿಸಿ ನಡೆಸುವ ಹಳೆಯ ಕಂಪ್ಯೂಟರ್ ಒಂದನ್ನು ತಂದರು. ಅದರಲ್ಲಿ ಬರೆದದ್ದನ್ನು ಕಾಗದಕ್ಕಿಳಿಸಲು ಹಾಸನದ ಹರಾಜಿನಲ್ಲಿ ಒಂದು ಮುದಿ ಟೆಲಿಪ್ರಿಂಟರ್ ಹಿಡಿದರು. ಜೀಪಿನಿಂದ ಇಳಿಸಲು ನಾಲ್ಕು ಜನ ಬೇಕಾಯಿತು. ಐದನೆಯವನಾದ ನಾನು ಪಕ್ಕದಲ್ಲಿ ನಿಂತು ಏದುಸಿರು ಬಿಟ್ಟೆ.

ಅದನ್ನು ಕೂರಿಸಿದ್ದು ಒಣಗಿದ ಕಾಫಿಯ ಮೂಟೆಗಳನ್ನಿಡುವ ಕೋಣೆಯಲ್ಲಿ. ಚಿಕ್ಕಮ್ಮ ಗಡುವು ಕೊಟ್ಟರು:

"ಭಾನುವಾರ ಮೂಟೆ ಬರ್ತವೆ. ಅಷ್ಟ್ರೊಳಗೆ ಓಡಿದ್ರೆ ಸರಿ, ಇಲ್ದಿದ್ರೆ ಗುಜರಿಯವ್ನಿಗೆ ಹೇಳಿ ಕಳಿಸ್ತೀನಿ."

ಯಂತ್ರ ಓಡಿತು. ಆದರೆ ಹತ್ತು ಸಾಲನ್ನೂ ಒಂದೇ ಜಾಗದಲ್ಲಿ ಒಂದರ ಮೇಲೊಂದು ಬಡಿದು ಮಸಿಯ ಪಟ್ಟಿ ಮಾಡಿತು.

"ದೃಷ್ಟಿಬೊಟ್ಟು ಇಡಕ್ಕೆ ಚೆನ್ನಾಗೈತೆ ಚಿಕ್ಕಪ್ಪ," ಎಂದೆ.

"ಬಾಯ್ ಮುಚ್ಚೋ, ಮಂಗ."

ಭಾನುವಾರ ಬೆಳಗ್ಗೆ ಅವರು ಸ್ಕ್ರೂಡ್ರೈವರ್ ಹಿಡಿದು ಸುಮ್ಮನೆ ಕೂತಿದ್ದರು. ತಟ್ಟೆಯಲ್ಲಿನ ಅಕ್ಕಿರೊಟ್ಟಿ ತಣ್ಣಗಾಗಿತ್ತು. ನನಗೋ ಬರುವ ವಿದ್ಯೆ ಒಂದೇ, ಕೇಳಿದ ಸದ್ದನ್ನು ಬಾಯಲ್ಲಿ ಅಣಕಿಸುವುದು. ಸಕಲೇಶಪುರದ ಕಾಲೇಜಿನಿಂದ ಬರುವಾಗ ತಂತಿ ಕಚೇರಿಯ ಕಿಟಕಿಗೆ ಒರಗಿ ಬಸ್ಸು ಕಾಯುತ್ತಿದ್ದೆನಾದ್ದರಿಂದ ಅಲ್ಲಿನ ಟೆಲಿಪ್ರಿಂಟರಿನ ಸದ್ದು ನನಗೆ ಬಾಯಿಪಾಠವಾಗಿತ್ತು. ಅವರನ್ನು ನಗಿಸೋಣ ಎಂದು ಶುರುಮಾಡಿದೆ:

"ಖಟಖಟಖಟ... ಸರ್‍ರ್... ಡಬ್. ಟಕ್. ಖಟಖಟ..."

ಚಿಕ್ಕಪ್ಪ ತಲೆಯೆತ್ತಿದರು. "ಇನ್ನೊಂದ್ಸಲ ಮಾಡು."

ಮೆಚ್ಚಿದರೆಂದು ಉಬ್ಬಿ, ಅಲ್ಲಿನ ಗುಮಾಸ್ತರ ಕೆಮ್ಮನ್ನೂ ಸೇರಿಸಿದೆ.

"ಕೆಮ್ಮು ಬ್ಯಾಡ ಮಾರಾಯ! ಡಬ್ ಆದ್ಮೇಲೆ ಟಕ್ ಅಂದ್ಯಲ್ಲ, ಅದೇನು?"

"ನಂಗೇನ್ ಗೊತ್ತು? ಅದು ಹಂಗೇ ಅಂತೈತೆ."

"ನಮ್ದು ಅನ್ನಲ್ಲ ಕಣೋ!"

ನಿಜ, ಅನ್ನುತ್ತಿರಲಿಲ್ಲ. ಆ ಟಕ್, ಉರುಳೆ ಕಾಗದವನ್ನು ಒಂದು ಸಾಲು ಮೇಲಕ್ಕೆ ಸರಿಸುವ ಸದ್ದು. ನಮ್ಮ ಕಂಪ್ಯೂಟರ್ ಸಾಲು ಮುಗಿದಾಗ, ಅಕ್ಷರ ಬಡಿಯುವ ಅಚ್ಚಿನ ತಲೆಗೆ ಎಡಕ್ಕೆ ಹೋಗು ಎನ್ನುತ್ತಿತ್ತು, ಕಾಗದ ಸರಿಸು ಎನ್ನುವುದನ್ನು ಮರೆಯುತ್ತಿತ್ತು. ಚಿಕ್ಕಪ್ಪ ಪ್ರೋಗ್ರಾಮಿಗೆ ಆ ಅಪ್ಪಣೆಯನ್ನೂ ಸೇರಿಸುವಷ್ಟರಲ್ಲಿ ಅಂಗಳಕ್ಕೆ ಮೂಟೆಗಳ ಜೀಪು ಬಂದಿತ್ತು. ಗುಂಡಿ ಒತ್ತಿದರು.

ಖಟಖಟ, ಸರ್‍ರ್, ಡಬ್, ಟಕ್. ಎರಡನೇ ಸಾಲು ಮೊದಲನೆಯದರ ಕೆಳಗೆ ಬಂತು.

ಚಿಕ್ಕಮ್ಮ ಬಾಗಿಲಲ್ಲಿ ನಿಂತಿದ್ದರು, ಹಿಂದೆ ಬೆನ್ನ ಮೇಲೆ ಮೂಟೆ ಹೊತ್ತ ಆಳು.

"ಕನ್ನಡ ಬರಲ್ವಾ ಇದ್ಕೆ?" ಚಿಕ್ಕಮ್ಮ ಕಾಗದ ಇಣುಕಿ ನೋಡಿದರು.

"ಇಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಹೊಡೆದಿದ್ದೀನಿ."

"ಏನಂತ? ಓದ್ರಿ."

ಚಿಕ್ಕಪ್ಪ ಕಾಗದ ಹರಿದು ಓದಿದರು: "ಗುಜರಿಗೆ ಹಾಕ್ಬೇಡ. ಒಂದು ಲೋಟ ಕಾಫಿ ಕೊಡು."

ಚಿಕ್ಕಮ್ಮ ತುಟಿ ಬಿಗಿಹಿಡಿದು ಆಳಿನ ಕಡೆ ತಿರುಗಿದರು.

"ಮೂಟೆ ನಡುಮನೇಲಿ ಇಳಿಸಪ್ಪ."