ನನ್ನ ಹೊಟ್ಟೆಯ ಗಡ್ಡೆಗೆ ಊರು ಇಟ್ಟ ಹೆಸರು

ಕೊರೊನಾ ಮುಗಿದು ಜನ ಮುಖದ ಬಟ್ಟೆ ತೆಗೆದು ಓಡಾಡತೊಡಗಿದ ವರ್ಷದ ಮಾತು. ಅಷ್ಟರಲ್ಲಿ ನನ್ನ ಗಂಡ ತೀರಿಕೊಂಡು ಐದು ವರ್ಷವಾಗಿತ್ತು. ಅವರ ನೌಕರಿ ಅನುಕಂಪದ ಮೇಲೆ ನನಗೆ ಸಿಕ್ಕಿತ್ತು. ಮಕ್ಕಳಿರಲಿಲ್ಲ. ತಂಬ್ರಹಳ್ಳಿ ಸಮೀಪದ ನಮ್ಮೂರಿನಲ್ಲಿ ಅಣ್ಣ, ಅತ್ತಿಗೆಯ ಜೊತೆ ಇದ್ದುಕೊಂಡು, ದಿನಾ ಬಸ್ಸಿನಲ್ಲಿ ಹಗರಿಬೊಮ್ಮನಹಳ್ಳಿಯ ಕಚೇರಿಗೆ ಹೋಗಿಬರುತ್ತಿದ್ದೆ.

ಆ ವರ್ಷ ಮುಟ್ಟಿನ ಸ್ರಾವ ವಿಪರೀತವಾಯಿತು. ಕಚೇರಿಯಲ್ಲಿ ಕುರ್ಚಿಯಿಂದ ಏಳಲೂ ಹೆದರಿಕೆ. ಮೆಟ್ಟಿಲು ಹತ್ತಿದರೆ ಏದುಸಿರು. ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕೆನಿಸುತ್ತಿತ್ತು. ಜೊತೆಗೆ ಕೆಳಹೊಟ್ಟೆ ಗಟ್ಟಿಯಾಗಿ ಉಬ್ಬತೊಡಗಿತು. ನಲವತ್ತು ಹತ್ತಿರ ಬಂದರೆ ಹೆಂಗಸರಿಗೆ ಇದೆಲ್ಲ ಇದ್ದದ್ದೇ ಎಂದುಕೊಂಡೆ. ಇಂಥದ್ದನ್ನು ಯಾರ ಮುಂದೆ ಹೇಳುವುದು? ಸೆರಗನ್ನು ಅಗಲವಾಗಿ ಹೊದ್ದುಕೊಳ್ಳತೊಡಗಿದೆ. ಸೆರಗು ಹೊದ್ದದ್ದೇ ಊರಿನ ಕಣ್ಣಿಗೆ ಬಿತ್ತು.

ನಾನು ನಲ್ಲಿಯ ಹತ್ತಿರ ಹೋದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಒಂದು ದಿನ ಓಣಿಯ ಮುದುಕಿಯೊಬ್ಬಳು, "ಎಷ್ಟು ತಿಂಗಳಾತು ತಂಗಿ?" ಎಂದು ಕೇಳಿಯೇಬಿಟ್ಟಳು. ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕೊಡ ಅಲ್ಲೇ ಬಿಟ್ಟು ಬಂದೆ.

ಮಾತು ಅಣ್ಣನ ಕಿವಿಗೂ ಮುಟ್ಟಿತು. ಕುರಿಹಟ್ಟಿಯಿಂದ ಬಂದವನು ಕೈಕಾಲು ಕೂಡ ತೊಳೆಯದೆ ಪಡಸಾಲೆಯಲ್ಲಿ ನಿಂತ.

"ಯಾರದು ಹೇಳು," ಅಂದ.

"ಏನು ಯಾರದಣ್ಣ?"

"ನನ್ನ ಬಾಯಿಲೆ ಹೇಳಿಸಬ್ಯಾಡಲೇ. ಊರಾಗ ತಲಿ ಎತ್ತದಂಗ ಮಾಡಿದಿ."

"ಅಣ್ಣ, ನನಗ ತಿಂಗಳಾ ಮುಟ್ಟು ಬರತೈತಿ. ಬಂದದ್ದು ನಿಲ್ಲವಲ್ದು, ಅದಕ್ಕ ಸಾಯಾಕ ಹತ್ತೀನಿ. ಬೇಕಾದ್ರ ಅತ್ತಿಗಿನ್ನ ಕೇಳು."

ಅತ್ತಿಗೆ ಅಡುಗೆಮನೆಯ ಬಾಗಿಲಲ್ಲೇ ಇದ್ದಳು. ಮುಟ್ಟಾದಾಗ ನಾನು ದೇವರ ಕೋಣೆಗೆ ಕಾಲಿಡುವುದಿಲ್ಲ; ಆಗೆಲ್ಲ ದೀಪ ಹಚ್ಚುವವಳು ಅವಳೇ. ಹಿಂದಿನ ವಾರ ನನ್ನ ಹಾಸಿಗೆಯ ಬಟ್ಟೆ ನೆನೆಹಾಕಿದ್ದನ್ನೂ ನೋಡಿದ್ದಳು. ಅಣ್ಣ ಅವಳ ಕಡೆ ತಿರುಗಿದ. ಅವಳು ನೆಲ ನೋಡುತ್ತ, "ನನಗೇನು ಗೊತ್ತಿಲ್ರಿ," ಎಂದಳು.

ಅಣ್ಣ ಬೈದದ್ದಕ್ಕೆ ಅಳು ಬಂದಿರಲಿಲ್ಲ. ಈ ಮಾತಿಗೆ ಬಂತು.

"ಮುಂಜಾನೆ ಹೊಸಪ್ಯಾಟಿಗೆ ನಡಿ. ತೆಗಿಸಿಕೊಂಡು ಬರೋಣು," ಎಂದ ಅಣ್ಣ.

ಹೊಸಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮನ ಮುಂದೆ ಅವನು ದನಿ ಇಳಿಸಿ, "ಯಾರಿಗೂ ಗೊತ್ತಾಗದಂಗ ಮಾಡಿಬಿಡ್ರಿ ಮೇಡಂ," ಎಂದ. ಅವರು ನನ್ನನ್ನು ಪರೀಕ್ಷೆಯ ಮೇಜಿನ ಮೇಲೆ ಮಲಗಿಸಿದರು. ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಸ್ಕ್ಯಾನಿಂಗಿಗೆ ಕಳಿಸಿದರು. ಆಮೇಲೆ ಇಬ್ಬರನ್ನೂ ಕೂರಿಸಿಕೊಂಡರು.

"ಇದು ಕೂಸಲ್ಲ. ಗರ್ಭಕೋಶದಾಗ ಬೆಳೆದ ಗಡ್ಡಿ. ಫೈಬ್ರಾಯ್ಡ್ ಅಂತೀವಿ. ಭಾಳ ಹೆಣ್ಮಕ್ಕಳಿಗೆ ಇರತೈತಿ, ಕ್ಯಾನ್ಸರ್ ಅಂತ ಹೆದರಬ್ಯಾಡ್ರಿ. ಸಣ್ಣದಿದ್ದು ತ್ರಾಸು ಇರದಿದ್ರ ಆಗಾಗ ಸ್ಕ್ಯಾನ್ ಮಾಡಿ ನೋಡಿಕೊಂಡಿದ್ರ ಸಾಕು. ರಕ್ತ ಜಾಸ್ತಿ ಹೋದ್ರ ಗುಳಿಗಿ ಅದಾವು. ಆದ್ರ ನಿಮ್ಮದು ಮೂತ್ರಚೀಲ ಒತ್ತೋವಷ್ಟು ಬೆಳೆದೈತಿ. ಆಪರೇಷನ್ ಆಗಬೇಕು. ಅದಕ್ಕಿಂತ ಮೊದಲು ರಕ್ತ ಏರಿಸಬೇಕು. ಮೈಯಾಗ ರಕ್ತನ ಇಲ್ಲ. ಇಷ್ಟು ದಿನ ಯಾಕ ಬರಲಿಲ್ಲಮ್ಮ?"

ನಾನು ಅಣ್ಣನ ಮುಖ ನೋಡಿದೆ. ಅವನು ಗೋಡೆ ನೋಡುತ್ತಿದ್ದ.

"ಗಡ್ಡಿ ಅಷ್ಟ ತೆಗೆದು ಗರ್ಭಕೋಶ ಉಳಿಸಬಹುದು, ಆದ್ರ ಮುಂದ ಮತ್ತ ಗಡ್ಡಿ ಬೆಳೆದರೂ ಬೆಳೀಬಹುದು. ಗರ್ಭಕೋಶನ ತೆಗೆದ್ರ ಆ ಚಿಂತಿ ಇಲ್ಲ. ಯೋಚನಿ ಮಾಡಿ ಹೇಳ್ರಿ."

"ಪೂರ್ತಿ ತೆಗೆದುಬಿಡ್ರಿ. ಇಕಿಗೆ ಇನ್ನ ಅದು ಯಾಕ ಬೇಕು?" ಎಂದ ಅಣ್ಣ.

"ನಾ ಅವರನ್ನ ಕೇಳೀನಿ," ಎಂದರು ಡಾಕ್ಟರಮ್ಮ.

"ಗಡ್ಡಿ ಅಷ್ಟ ತೆಗೀರಿ," ಎಂದೆ. ಮಕ್ಕಳ ಆಸೆಯಿಂದ ಹೇಳಿದ್ದಲ್ಲ. ಅಷ್ಟು ದಿನ ಊರೆಲ್ಲ ಮಾತಾಡಿದ ನನ್ನ ದೇಹದ ಬಗ್ಗೆ ಮೊದಲ ಸಲ ನನ್ನನ್ನು ಕೇಳಿದ್ದರು.

ಆಪರೇಷನ್ ಸುಸೂತ್ರವಾಯಿತು. ತೆಗೆದ ಗಡ್ಡೆಯನ್ನು ಟ್ರೇಯಲ್ಲಿಟ್ಟು ಹೊರಗಿದ್ದ ಅಣ್ಣನಿಗೆ ತೋರಿಸಿದರಂತೆ. ಅವನು ಮೊಬೈಲಿನಲ್ಲಿ ಫೋಟೋ ಹೊಡೆದು ಊರಿನ ವಾಟ್ಸಪ್ ಗುಂಪಿಗೆ ಹಾಕಿದ. ನನಗೆ ಇದು ಗೊತ್ತಾದದ್ದು ಮನೆಗೆ ಬಂದ ಮೇಲೆ, ಹಣ್ಣು ಹಿಡಿದು ನೋಡಲು ಬಂದ ಅದೇ ಮುದುಕಿಯಿಂದ.

"ಫೋಟೋ ನೋಡಿದ್ವಿ ತಂಗಿ. ತೆಂಗಿನಕಾಯಿ ಇದ್ದಂಗ ಇತ್ತು. ಪಾಪ, ಎಷ್ಟು ತ್ರಾಸು ತಿಂದಿ!"

ಅಣ್ಣ ಪಕ್ಕದಲ್ಲೇ ಕೂತಿದ್ದ. "ಒಟ್ಟು ಮನಿ ಮರ್ಯಾದಿ ಉಳೀತು ಬಿಡವ್ವ," ಎಂದ. ತಪ್ಪಾಯಿತು ಎಂದು ನನಗೆ ಒಂದು ಮಾತೂ ಹೇಳಲಿಲ್ಲ. ಅವರಿಬ್ಬರೂ ಎದ್ದು ಹೋದ ಮೇಲೆ ಗಂಜಿ ತಂದ ಅತ್ತಿಗೆ, "ಮನಸಿಗೆ ಹಚ್ಚಿಕೋಬ್ಯಾಡ. ನಿಮ್ಮಣ್ಣನ ಮುಂದ ನಾ ಹೆಂಗ ಬಾಯಿ ಬಿಡ್ಲಿ?" ಎಂದು ಪಿಸುಗುಟ್ಟಿದಳು. ಅವಳ ಹೆದರಿಕೆ ನನಗೂ ಗೊತ್ತು. ಆದರೂ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದೆ.

ಈಗ ಹಗರಿಬೊಮ್ಮನಹಳ್ಳಿಯಲ್ಲೇ ಬಾಡಿಗೆ ಮನೆ ಮಾಡಿದ್ದೇನೆ. ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸಿಕೊಳ್ಳುತ್ತೇನೆ. ಕಚೇರಿಯ ಹೆಣ್ಣುಮಕ್ಕಳು ಮುಟ್ಟಿನ ತೊಂದರೆ ಹೇಳಿಕೊಂಡರೆ, ಮುಚ್ಚಿಟ್ಟುಕೊಳ್ಳಬೇಡಿರಿ, ಡಾಕ್ಟರಿಗೆ ತೋರಿಸಿರಿ ಎನ್ನುತ್ತೇನೆ.

ಊರಿಗೆ ಹೋದರೆ ಎಲ್ಲರೂ ಚೆನ್ನಾಗಿಯೇ ಮಾತಾಡಿಸುತ್ತಾರೆ. ಅವರು ನಂಬಿದ್ದು ಫೋಟೋವನ್ನು, ನನ್ನನ್ನಲ್ಲ. ನಾನೂ ನಗುನಗುತ್ತಲೇ ಮಾತಾಡಿ ಬರುತ್ತೇನೆ. ಆದರೆ ಬೇರೆ ಮನೆ ಮಾಡಿದ ಮೇಲೆ ಅಣ್ಣನ ಮನೆಯಲ್ಲಿ ಈವರೆಗೂ ಒಂದು ಲೋಟ ನೀರೂ ಕುಡಿದಿಲ್ಲ.